ಕಾಶಿಬಾಯಿಗೆ ಬಂದ ಕಾಲ್

"ಕಾಲ್ ಬಂದಿದ್ದು ಖರೇ ಐತ್ರಿ. ತಗೊಳ್ಳೋರು ಸಿಗಲಿಲ್ಲ, ವಾಪಸ್ ಹೋತು," ಎಂದ ಬಿಸ್ಮಿಲ್ಲಾ.

ನರಗುಂದದ ಅಂಚೆ ಕಚೇರಿಯ ಹಿಂದೆ, ಬೇವಿನ ಮರದ ಕೆಳಗೆ ನಿಂತು ಮಾತಾಡುತ್ತಿದ್ದೆವು. ಬಿಸ್ಮಿಲ್ಲಾ ಅಲ್ಲಿಯ ಪೇದೆ. ಊರಿಗೆ ಟ್ರಂಕ್ ಕಾಲ್ ಬಂದರೆ ಅದು ಯಾರ ಹೆಸರಿಗೆ ಬಂದಿದೆಯೋ ಅವರನ್ನು ಹುಡುಕಿ, ಸೈಕಲ್ಲಿನ ಹಿಂದೆ ಓಡಿಸಿಕೊಂಡು ಬಂದು, ಫೋನಿನ ಮುಂದೆ ನಿಲ್ಲಿಸುವುದು ಅವನ ಕೆಲಸ.

"ಯಾರ ಹೆಸರಿಗೆ ಬಂದಿತ್ತು?" ಕೇಳಿದ ಅರ್ಜುನಪ್ಪ.

"ಕಾಶಿಬಾಯಿ ಅಂತ್ರಿ. ಬ್ರಾಹ್ಮಣರ ಪೈಕಿ ಇರಬೇಕು, ಓಣಿ ಗೊತ್ತಿಲ್ಲ ಅಂದ್ರು. ಹೋದ ಸೋಮವಾರ, ಗಜೇಂದ್ರಗಡದಿಂದ."

ಅರ್ಜುನಪ್ಪ ನನ್ನ ಕಡೆ ನೋಡಿದ. ಅವನು ರೋಣದಲ್ಲಿ ಪೊಲೀಸ್ ಫೌಜದಾರನಾಗಿ ನಿವೃತ್ತನಾದವನು. ನಿವೃತ್ತಿ ಎಂಬುದು ಸರಕಾರಕ್ಕೆ ಗೊತ್ತು, ಅವನಿಗೆ ಇನ್ನೂ ಗೊತ್ತಾಗಿಲ್ಲ. ನಾನು ಶಿವನಪ್ಪ, ಅದೇ ರೋಣದ ವಕೀಲ. ನನ್ನ ವಕೀಲಿ ಎಷ್ಟು ಜೋರಾಗಿದೆ ಎಂದರೆ, ಕೋರ್ಟು ನಡೆಯುವ ದಿನವೂ ಇವನ ಬೆನ್ನು ಹತ್ತಿ ಊರೂರು ತಿರುಗಲು ನನಗೆ ಬಿಡುವಿರುತ್ತದೆ.

ಮಲಪ್ರಭೆಯ ಮಹಾಪೂರದಲ್ಲಿ ಕೊಣ್ಣೂರಿನ ಸೇತುವೆಯ ಮೇಲೆ ಕಾಣೆಯಾದ ಇಂಗ್ಲಿಷ್ ಮಾಸ್ತರ ದತ್ತಾತ್ರೇಯರದೆಂದು, ಮುಖ ಉಳಿಯದ ಹೆಣವೊಂದನ್ನು ಅವರ ಅಣ್ಣ ಗುರುರಾಜರಾಯರು ಹೊಳೆಯ ದಂಡೆಯಲ್ಲೇ ಸುಟ್ಟಿದ್ದರು. ನಾಳೆ ಹತ್ತನೆಯ ದಿನ. ನಾಳೆ ಬೆಳಿಗ್ಗೆ ಮಾಸ್ತರರ ಹೆಂಡತಿ ಅನಸೂಯಾಬಾಯಿಯ ಕುಂಕುಮ ಅಳಿಸಿ, ತಾಳಿ ತೆಗೆಯುವವರಿದ್ದರು. "ಅವರು ಹೋಗಿಲ್ಲ" ಎಂದು ಆಕೆ ಹೇಳಿಕಳಿಸಿದ ಒಂದೇ ಮಾತಿಗೆ ನಾವು ರೋಣದ ಬಸ್ಸು ಹತ್ತಿ ಬಂದಿದ್ದೆವು. ಬಸ್ಸಿಳಿಯುತ್ತಲೇ, ಯಾರೂ ತೆಗೆದುಕೊಳ್ಳದೆ ವಾಪಸ್ ಹೋದ ಕಾಲ್ ಒಂದರ ಸುದ್ದಿ ಕಿವಿಗೆ ಬಿದ್ದಿತ್ತು.

"ನೀ ಎಲ್ಲೆಲ್ಲಿ ಹುಡುಕಿದಿ?"

"ಬ್ರಾಹ್ಮಣರ ಓಣಿ ಪೂರಾ ಸುತ್ತಿದೆ ಸಾಹೇಬ್ರ. ಒಬ್ಬ ಕಾಶಿಬಾಯಿ ಇನ್ನೂ ತೊಟ್ಟಿಲದಾಗ ಅದಾಳ. ಇನ್ನೊಬ್ಬಾಕಿಗೆ ಕಿವಿ ಕೇಳಸೂದಿಲ್ಲ. ಆದ್ರೂ ಬರ್ತೀನಿ, ಬರ್ತೀನಿ ಅಂತ ಕೋಲು ಹಿಡಕೊಂಡು ಎದ್ದಿದ್ಲು. ಗಜೇಂದ್ರಗಡದಾಗ ತನ್ನವರು ಯಾರೂ ಇಲ್ಲಂತ ಸೊಸಿ ತಡದು ಕೂಡಿಸಿದ್ಲು."

"ಹೋದಲ್ಲೆಲ್ಲಾ ಮಂದಿ ಏನು ಕೇಳಿದ್ರು?"

"ಏನು ಕೇಳ್ತಾರ್ರಿ? ಕಾಲ್ ಅಂದ ಕೂಡ್ಲೆ ಎದಿ ಹಿಡಕೊಂತಾರ. ಎಲ್ಲಿಂದ ಬಂದೈತಿ, ಯಾರು ಹೋದ್ರು, ಅಂತ ಕೇಳ್ತಾರ. ತಮಗಲ್ಲ ಅಂತ ಗೊತ್ತಾದ ಮ್ಯಾಲೂ ಬಿಡೂದಿಲ್ರಿ. ಮತ್ತ್ಯಾರಿಗೆ, ಅಂತ ಹಿಂದ ಬರ್ತಾರ."

"ಗುರುರಾಜರಾಯರ ಮನ್ಯಾಗ?"

ಬಿಸ್ಮಿಲ್ಲಾ ತಲೆ ಕೆರೆದುಕೊಂಡ. "ಅವರೇನೂ ಕೇಳಲಿಲ್ರಿ. ಕಾಶಿಬಾಯಿಗೆ ಕಾಲ್ ಬಂದೈತಿ ಅಂದೆ. ಆ ಹೆಸರಿನವರು ನಮ್ಮ ಮನ್ಯಾಗ ಯಾರೂ ಇಲ್ಲ, ನಡಿ ಅಂದ್ರು. ಕದಾ ಹಾಕ್ಕೊಂಡ್ರು. ಪಾಪ, ಸೂತಕದ ಮನಿ."

ಅರ್ಜುನಪ್ಪ ಎಲೆ ಅಡಿಕೆಯ ಚೀಲ ಬಿಚ್ಚಿದವನು ಹಾಗೆಯೇ ಕಟ್ಟಿಟ್ಟ. ಅವನು ಎಲೆ ಹಾಕುವುದನ್ನು ಅರ್ಧಕ್ಕೆ ಬಿಟ್ಟನೆಂದರೆ ಯಾರಿಗೋ ಗ್ರಹಚಾರ ಕಾದಿದೆ ಎಂದೇ ಅರ್ಥ.

"ಬಿಸ್ಮಿಲ್ಲಾ, ಆ ಕಾಲ್ ಮತ್ತ ಬಂದ್ರ ಓಣಿ ಸುತ್ತಬ್ಯಾಡ. ಸೀದಾ ರಾಯರ ಮನಿಗೆ ಬಾ. ಬಾಗಿಲದಾಗ ಯಾರ ನಿಂತಿರಲಿ, ಒಳಗ ಕೇಳೂವಂಗ ಒದರು."

ದಾರಿಯಲ್ಲಿ ನಾನು ತಡೆಯಲಾರದೆ ಕೇಳಿದೆ. "ಒಬ್ಬಾತ ಕೇಳಲಿಲ್ಲ ಅಂದ್ರ ಏನಾತೋ? ದುಃಖದಾಗ ಇರ್ತಾನ."

"ದುಃಖದಾಗ ಇದ್ದವನ ಮೊದಲ ಕೇಳ್ತಾನ. ಹೊಳಿಯಾಗ ತಮ್ಮ ಹೋಗ್ಯಾನ. ಊರಾಗ ಎಂದರ ಒಮ್ಮೆ ಬರೂವಂಥಾ ಟ್ರಂಕ್ ಕಾಲ್ ಬಾಗಿಲಿಗೆ ಬರ್ತೈತಿ. ಎಲ್ಲಿಂದ ಅಂತ ಕೇಳದಿದ್ದವ ಒಂದೋ ಕಿವುಡ, ಇಲ್ಲಾ..." ಎಂದು ಅವನು ಮಾತು ಅಲ್ಲಿಗೇ ಬಿಟ್ಟ.

ಗುರುರಾಜರಾಯರು ಮನೆಯಲ್ಲಿರಲಿಲ್ಲ. ನಾಳಿನ ಸಾಮಾನಿಗೆಂದು ಪೇಟೆಗೆ ಹೋಗಿದ್ದರು. ಒಳಕೋಣೆಯಲ್ಲಿ ಅವರ ತಾಯಿ ವೆಂಕೂಬಾಯಿ ಗೋಡೆಯ ಕಡೆ ಮುಖ ಮಾಡಿ ಮಲಗಿದ್ದರು. ಅನಸೂಯಾಬಾಯಿ ಪಡಸಾಲೆಯ ನಡುಬಾಗಿಲಿನ ಆಚೆ ಬಂದು ಕುಳಿತರು. ಮೂವತ್ತರ ಒಳಗಿನ ವಯಸ್ಸು. ಹಣೆಯಲ್ಲಿ ಕುಂಕುಮ ಇನ್ನೂ ಇತ್ತು, ಸ್ವಲ್ಪ ದೊಡ್ಡದಾಗಿಯೇ ಇತ್ತು. ಅದನ್ನು ನೋಡಿ ನನಗೆ ಸಂಕಟವಾಯಿತು.

"ಕಾಶಿ ಅಂದ್ರ ಯಾರವ್ವಾ?" ಎಂದ ಅರ್ಜುನಪ್ಪ, ಪೀಠಿಕೆ ಗೀಠಿಕೆ ಏನೂ ಇಲ್ಲದೆ.

ಆಕೆ ಬೆಚ್ಚಿಬಿದ್ದರು. "ಆ ಹೆಸರು ನಿಮಗ ಯಾರು ಹೇಳಿದ್ರು?"

"ಮೊದಲ ಯಾರಂತ ಹೇಳು."

"ನಾನ," ಎಂದರು ಆಕೆ. "ತವರುಮನಿ ಹೆಸರದು. ಲಕ್ಕಲಕಟ್ಟ್ಯಾಗ ಎಲ್ಲಾರಿಗೂ ನಾ ಕಾಶಿನ. ಮದವ್ಯಾಗ ತಾಟಿನ ಅಕ್ಕಿಯೊಳಗ ಹೊಸಾ ಹೆಸರು ಬರದ್ರು, ಅನಸೂಯಾ ಆದೆ. ಅಪ್ಪ ಹೋದ್ರು, ಅವ್ವನೂ ಹೋದ್ಲು. ಕಾಶಿ ಅಂತ ಕರಿಯೋರು ಒಬ್ಬರೂ ಉಳೀಲಿಲ್ಲ."

"ಒಬ್ಬರೂ?"

"ಅವರೊಬ್ಬರು. ನಾವಿಬ್ಬರ ಇದ್ದಾಗ. ಮಂದಿ ಮುಂದ ಎಂದೂ ಇಲ್ಲ."

ಮದುವೆಯಲ್ಲಿ ಹುಡುಗಿಯ ಹೆಸರು ಬದಲಿಸುವುದು ಅವರ ಮನೆತನಗಳಲ್ಲಿ ನಡೆದುಬಂದ ಪದ್ಧತಿ. ಹೊಸ ಹೆಸರು ಊರಿಗೆಲ್ಲ ಗೊತ್ತಾಗುತ್ತದೆ, ಹಳೆಯದು ತವರಿನ ಹೊಸ್ತಿಲಲ್ಲೇ ಉಳಿಯುತ್ತದೆ. ನರಗುಂದದಲ್ಲಿ ನಿಂತು ಲಕ್ಕಲಕಟ್ಟಿಯ ಕಾಶಿಯನ್ನು ಕೇಳಿದರೆ ಬಿಸ್ಮಿಲ್ಲಾ ಹುಡುಕುವುದಾದರೂ ಎಲ್ಲಿ?

"ಹೊಸಾ ಹೆಸರು ಆರಿಸಿದವರು ಯಾರು?"

"ಭಾವನವರು. ಮಾವನವರು ಆಗಲೇ ಇರಲಿಲ್ಲ. ಇವರ ಸೋದರತ್ತಿ ಹೆಸರೂ ಕಾಶಿನ. ಸಣ್ಣ ವಯಸ್ಸಿನಾಗ ಗಂಡನ್ನ ಕಳಕೊಂಡು ಇದ ಮನ್ಯಾಗ ತೀರಿಕೊಂಡ್ರಂತ. ಆ ಹೆಸರು ಮತ್ತ ಮನಿಯೊಳಗ ಬ್ಯಾಡ ಅಂತ ಭಾವನವರು ಹಟಾ ಹಿಡದ್ರು."

ಅರ್ಜುನಪ್ಪ ಗಡ್ಡ ತುರಿಸಿಕೊಂಡ. "ಸೋಮವಾರ ಪೇದೆ ಬಂದದ್ದು ನಿನಗ ಗೊತ್ತಾತೇನು?"

"ಅಡಗಿಮನ್ಯಾಗಿದ್ದೆ. ಕಾಲ್ ಬಂದೈತಿ ಅಂದದ್ದಷ್ಟ ಕೇಳಿಸ್ತು. ಎದಿ ಝಲ್ ಅಂತು. ಹೊರಗ ಬರೂದ್ರಾಗ ಭಾವನವರು ಕದಾ ಹಾಕ್ಯಾಗಿತ್ತು. ಯಾರಿಗ್ರಿ ಅಂದೆ. ಯಾರಿಗೋ, ನಮಗಲ್ಲ ಅಂದ್ರು."

"ಕಾಲ್ ಅಂದ್ರ ಎದಿ ಯಾಕ ಝಲ್ ಅನ್ನಬೇಕು?"

ಆಕೆಯ ಮುಖದಲ್ಲಿ ನಗುವಿನಂಥದ್ದೇನೋ ಬಂದು ಹೋಯಿತು. "ಅದು ನಮ್ಮ ಶಬ್ದ್ರಿ. ಸಂಜಿ ಮುಂದ ನನಗ ಇಂಗ್ಲೀಷು ಕಲಿಸ್ತಿದ್ರು. ದಿನಾ ಹತ್ತು ಶಬ್ದ ಕಲಿಸೋ ಪೈಕಿ ಅಲ್ಲ ಅವರು. ಒಂದ ಶಬ್ದ ಹಿಡೀತಿದ್ರು, ಅದರ ಕೈ ಹಿಡಕೊಂಡು ಮನಿ ಮನಿ ತಿರಗಸ್ತಿದ್ರು. ಕಾಲ್ ಅಂದ್ರ ಕೂಗೋದು. ಕಾಲ್ ಅಂದ್ರ ಹೆಸರಿಡೋದು. ಒಬ್ಬರ ಮನಿಗೆ ಹೋಗಿ ಕೂತು ಬರೋದೂ ಕಾಲ್. ಸಾಲ್ಯಾಗ ಹಾಜರಿ ತಗೊಳ್ಳೋದು ಕಾಲ್, ಡಾಕ್ಟರನ್ನ ಕರಸೋದು ಕಾಲ್. ಗಿಡದಾಗಿನ ಹಕ್ಕಿ ತನ್ನ ಜೋಡಿನ್ನ ಕೂಗ್ತದಲ್ಲ, ಅದೂ ಕಾಲ್. ಇಷ್ಟಕ್ಕೆಲ್ಲಾ ಒಂದ ಶಬ್ದಾ, ಇಂಗ್ಲೀಷರ ಮನ್ಯಾಗ ಶಬ್ದಕ್ಕ ಬರ ಬಿದ್ದಿತ್ತೇನು ಅಂದೆ. ಹೊಟ್ಟಿ ಹಿಡಕೊಂಡು ನಕ್ಕರು."

ನನಗೆ ಆ ಶಬ್ದದ ಒಂದೇ ಮನೆ ಗೊತ್ತು. ಕೋರ್ಟಿನ ಬಾಗಿಲಲ್ಲಿ ಜವಾನ ಪಕ್ಷಗಾರರ ಹೆಸರು ಕೂಗಿದರೆ ಕೇಸು ಕಾಲ್ ಆಯಿತು ಅನ್ನುತ್ತೇವೆ, ಅಲ್ಲಿಂದ ನನ್ನ ಕಷ್ಟ ಶುರು. ಅರ್ಜುನಪ್ಪನಿಗೆ ಬೆಳಗಿನ ಕವಾಯತಿನ ರೋಲ್ ಕಾಲ್ ಗೊತ್ತು, ಬಿಸ್ಮಿಲ್ಲಾನಿಗೆ ಟ್ರಂಕ್ ಕಾಲ್. ಆ ಶಬ್ದದ ಎಲ್ಲ ಮನೆಗಳನ್ನೂ ನೋಡಿ ಬಂದ ಹೆಂಗಸು ಮಾತ್ರ ಒಬ್ಬನೇ ಒಬ್ಬನ ದನಿಗೆ ಕಿವಿ ಕೊಟ್ಟು ಕುಳಿತಿದ್ದಳು.

"ಎಲ್ಲಾ ಕಲಿತೆ," ಎಂದರು ಆಕೆ ಮೆಲ್ಲಗೆ. "ಈಗ ಕಾಶಿ ಅಂತ ಒಮ್ಮೆ ಕರದ್ರ ಸಾಕಾಗ್ಯದ. ಆ ದನಿ ಕೇಳಬೇಕನಸ್ತದ. ಊಟಾ ಬ್ಯಾಡ, ನಿದ್ದಿ ಬ್ಯಾಡ. ಅದೊಂದ ಬೇಕು."

ನನ್ನ ಹೆಂಡತಿ ಹೋಗಿ ಬಹಳ ವರ್ಷಗಳಾದವು. ಅವಳು ನನ್ನನ್ನು "ಏನ್ರಿ" ಎಂದಷ್ಟೇ ಕರೆಯುತ್ತಿದ್ದಳು. ಬಸ್ ಸ್ಟ್ಯಾಂಡಿನಲ್ಲಿ ಯಾರಾದರೂ ಹೆಂಗಸು "ಏನ್ರಿ" ಎಂದರೆ ಇವತ್ತಿಗೂ ತಿರುಗಿ ನೋಡುತ್ತೇನೆ. ಆ ಪಡಸಾಲೆಯಲ್ಲಿ ಕುಳಿತು ನಾನು ಕಣ್ಣೊರೆಸಿಕೊಂಡೆ. ಅರ್ಜುನಪ್ಪ ನೋಡದವನಂತೆ ಮಾಡಿದ.

ಅಷ್ಟರಲ್ಲಿ ಗುರುರಾಜರಾಯರು ಬಂದರು. ದಪ್ಪ ಮೈ, ದಣಿದ ಕಣ್ಣು. ಮನೆತನದ ಹೊಲಮನೆ ನೋಡಿಕೊಳ್ಳುವವರು. ಕೈಚೀಲದಿಂದ ದರ್ಭೆ ಹೊರಗೆ ಇಣುಕುತ್ತಿತ್ತು. ನಮ್ಮನ್ನು ನೋಡಿ ಅವರಿಗೆ ಸಂತೋಷವೇನೂ ಆಗಲಿಲ್ಲ.

"ಫೌಜದಾರ್ರ, ಸತ್ತವನ್ನ ಸುಟ್ಟಾಗೇದ. ನಾಳೆ ಕರ್ಮ ಅದ. ಇನ್ನೇನು ಹುಡುಕಾಕ ಬಂದೀರಿ?"

"ಕಾಶಿಬಾಯಿನ್ನ ಹುಡುಕಾಕತ್ತೀನ್ರಿ ರಾಯರ."

ಚೀಲ ಕೆಳಗಿಡಲು ಬಾಗಿದ ರಾಯರು ಬಾಗಿದಲ್ಲೇ ನಿಂತರು. "ಯಾವ ಕಾಶಿಬಾಯಿ?"

"ನೀವ ಹೆಸರು ಬದಲಿ ಮಾಡಿಸಿದಾಕಿ."

"ಎಂದಿನ ಮಾತ್ರೀ ಅದು! ಮರ್ತಿತ್ತು."

"ಮನಿಯೊಳಗ ಬ್ಯಾಡ ಅಂತ ಹಟಾ ಹಿಡದ ಹೆಸರು ಮರೀತೈತ್ರಿ? ಮರ್ತಿದ್ದರ ಪೇದೆನ್ನ ನಿಂದರಿಸಿ ಎಲ್ಲಿಂದ ಬಂತು ಅಂತ ಕೇಳ್ತಿದ್ರಿ. ಓಣಿ ಮಂದಿಯೆಲ್ಲಾ ಕೇಳ್ಯಾರ. ಹೊಳಿಯಾಗ ತಮ್ಮನ್ನ ಕಳಕೊಂಡವರು ನೀವೊಬ್ಬರ ಕೇಳಲಿಲ್ಲ. ಯಾಕ?"

"ಸೂತಕದಾಗ ಬುದ್ಧಿ ನೆಟ್ಟಗಿರೂದಿಲ್ಲ."

"ಕದಾ ಹಾಕೂವಷ್ಟು ನೆಟ್ಟಗಿತ್ತಲ್ರಿ."

ರಾಯರು ಸಿಡಿದರು. "ನನ್ನ ಮನ್ಯಾಗ ನಿಂತು ನನ್ನ ಪಂಚನಾಮಿ ಮಾಡ್ತೀರಿ? ನಿಮ್ಮ ಬೆಲ್ಟು ಬಿಲ್ಲೆ ಹೋಗಿ ಎಷ್ಟು ದಿನಾತು?"

"ಭಾಳ ದಿನಾತ್ರಿ. ಅದಕ್ಕ ಬೈಯಾಕತ್ತಿಲ್ಲ, ಕೈ ಮುಗದು ಕೇಳಾಕತ್ತೀನಿ. ಆ ಹೆಣಾ ನಿಮ್ಮ ತಮ್ಮಂದ ಹೌದೇನು?"

ರಾಯರು ಕಂಬ ಹಿಡಿದು ಕುಳಿತರು. ಸಿಟ್ಟೆಲ್ಲ ಎಲ್ಲಿಗೆ ಹೋಯಿತೋ, ಕಣ್ಣೆದುರೇ ಮುದುಕರಾದಂತೆ ಕಂಡರು.

"ಅದಕ್ಕ ಮಾರಿನ ಇರಲಿಲ್ರಿ," ಎಂದರು. "ಜನಿವಾರಿತ್ತು. ಧೋತ್ರದ ಅಂಚು ನೋಡಿದೆ, ನಮ್ಮವನ ಅಂದೆ. ಅವ್ವ ನೀರು ಸುದ್ಧಾ ಬಿಟ್ಟಿದ್ಲು. ಅಂವ ಸಿಕ್ಕಾ, ಸಂಸ್ಕಾರ ಆತು ಅಂದ್ರ ಅಕಿಯರ ಉಳೀತಾಳ ಅಂತ ಹ್ಞೂಂ ಅಂದ್ಬಿಟ್ಟೆ. ಕೊಳ್ಳಿ ಇಟ್ಟು ಬಂದೆ. ಸೋಮವಾರ ಪೇದೆ ಬಂದು ಕಾಶಿಬಾಯಿ ಅಂದ. ಅಕಿ ತವರಿನವರು ಯಾರೂ ಇಲ್ಲಂತ ನನಗ ಗೊತ್ತಿತ್ತು. ಮತ್ತ ಕಾಶಿ ಅನ್ನೋರು ಯಾರು? ದತ್ತು ಬದುಕಿದ್ರ ನಾ ಯಾರಿಗೆ ಬೆಂಕಿ ಕೊಟ್ಟೆ? ಯಾರ ಮನಿ ಮಗನ್ನ ಸುಟ್ಟೆ? ಅವನ್ನೂ ಎಲ್ಲೋ ಹಿಂಗ ಕಾಯಾಕತ್ತಾರಲ್ಲ... ಹೆದರಿಕಿ ಆತು. ಕದಾ ಹಾಕ್ಕೊಂಡೆ."

ನನಗೆ ಆ ಮನುಷ್ಯನ ಮೇಲೆ ಸಿಟ್ಟೂ ಬಂತು, ಅಯ್ಯೋ ಪಾಪ ಅಂತಲೂ ಅನ್ನಿಸಿತು. ಯಾವುದನ್ನು ಮುಂದೆ ಮಾಡಬೇಕೋ ತಿಳಿಯಲಿಲ್ಲ.

ಅನಸೂಯಾಬಾಯಿ ಎದ್ದು ಹೊಸ್ತಿಲು ದಾಟಿ ಪಡಸಾಲೆಗೆ ಬಂದರು. ಭಾವನೆದುರು ಹಾಗೆ ಬಂದು ನಿಂತದ್ದು ಆ ಮನೆಯಲ್ಲಿ ಅದೇ ಮೊದಲಿರಬೇಕು. ರಾಯರು ಗಾಬರಿಯಿಂದ ತಲೆ ಎತ್ತಿದರು.

"ನಿಮಗ ಹೆದರಿಕಿ ಆತು, ಖರೇ. ನಾಳೆ ಅಳಸೂದು ನನ್ನ ಹಣಿಮ್ಯಾಲಿಂದು," ಎಂದರು ಆಕೆ. ದನಿ ಎತ್ತರಿಸಲಿಲ್ಲ. "ಜೀವ ಇದ್ದವರ ಕುಂಕುಮಾ ಅಳಸಾಕ ಎಳ್ಳು ದರ್ಭಿ ತಂದೀರಿ. ಸೋಮವಾರದಿಂದ ಗೊತ್ತಿದ್ದೂ ತಂದೀರಿ."

"ಗೊತ್ತಿರಲಿಲ್ಲವಾ. ಸಂಶೇ ಇತ್ತು."

"ನನಗ ಅಷ್ಟ ಸಾಕಾಗಿತ್ತಲ್ರಿ."

ಅರ್ಜುನಪ್ಪ ನಡುವೆ ಬಂದ. "ಕೊಣ್ಣೂರು ಎಲ್ಲಿ, ಗಜೇಂದ್ರಗಡ ಎಲ್ಲಿ. ಆ ಹೊಳಿ ಗಜೇಂದ್ರಗಡದ ಕಡೆ ಹರಿಯೂದಿಲ್ಲ. ಮಾಸ್ತರು ಅಲ್ಲಿದ್ದರ ನೀರು ಒಯ್ದಿಲ್ಲ, ಮನಷ್ಯಾರು ಒಯ್ದಾರ. ಯಾರು, ಯಾಕ ಅನ್ನೋದು..."

ಅವನ ಮಾತು ಮುಗಿಯಲಿಲ್ಲ. ಹೊರಗೆ ಸೈಕಲ್ಲು ಗೋಡೆಗೆ ಬಡಿದು ಬಿದ್ದ ಸದ್ದಾಯಿತು.

"ಕಾಲ್ ಬಂದೈತ್ರೀ! ಕಾಶಿಬಾಯಾರಿಗೆ!" ಬಿಸ್ಮಿಲ್ಲಾ ಓಣಿಗೆಲ್ಲ ಕೇಳುವಂತೆ ಒದರಿದ. "ಗಜೇಂದ್ರಗಡದಿಂದ! ಲಗೂ ಬರ್ರಿ, ಲೈನ್ ಹಿಡದು ನಿಲ್ಲಿಸ್ಯಾರ!"

ಅನಸೂಯಾಬಾಯಿ ಸೆರಗು ಸೊಂಟಕ್ಕೆ ಸಿಕ್ಕಿಸಿ ಓಡಿದರು. ಸೂತಕದ ಹೆಂಗಸು ಬರಿಗಾಲಿನಲ್ಲಿ ನಡುಬೀದಿಯಲ್ಲಿ ಓಡುವುದನ್ನು ನೋಡಿ ಕಟ್ಟೆಯ ಮೇಲಿನವರು ಎದ್ದು ನಿಂತರು. ನಾನೂ ಅರ್ಜುನಪ್ಪನೂ ಏದುಸಿರು ಬಿಡುತ್ತ ಹಿಂದೆ ಓಡಿದೆವು. ಅಂಚೆ ಕಚೇರಿಯ ಮೆಟ್ಟಿಲಲ್ಲಿ ತಿರುಗಿ ನೋಡಿದರೆ ಗುರುರಾಜರಾಯರೂ ಬರುತ್ತಿದ್ದರು.

ಬಿಸ್ಮಿಲ್ಲಾ ಫೋನು ಕೈಗೆ ಕೊಟ್ಟ. ಆಕೆ ಎರಡೂ ಕೈಯಿಂದ ಹಿಡಿದುಕೊಂಡರು.

"ನಾನ... ನಾನ ಕಾಶಿ."

ಆಚೆಯಿಂದ ಬಂದದ್ದು ಹೆಂಗಸಿನ ದನಿ. ಫೋನನ್ನು ನಂಬದವರೆಲ್ಲ ಮಾಡುವಂತೆ ಆಕೆಯೂ ಗಂಟಲು ಹರಿದು ಕೂಗುತ್ತಿದ್ದಳು. ಕೋಣೆಯಲ್ಲಿದ್ದ ನಮಗೆಲ್ಲ ಪ್ರತಿ ಅಕ್ಷರ ಕೇಳಿಸಿತು.

"ಯಾ ಅಲ್ಲಾ, ಸಿಕ್ಕಿರಲ್ಲವ್ವಾ! ನಾನು ಸಾಬೀರಾ, ಇಲ್ಲಿ ದವಾಖಾನಿ ನರ್ಸ್. ಗಾಡಿಯವರು ಒಬ್ಬ ಪೇಶಂಟ್‌ನ್ನ ತಂದು ಹಾಕಿ ಹೋಗ್ಯಾರ್ರಿ. ದಾರಿಯಾಗ ಬಿದ್ದಿದ್ದ ಅಂದ್ರು. ತಲಿಗೆ ಪೆಟ್ಟಾಗೈತಿ, ಜ್ವರ ಇಳಿವಲ್ದು. ಕಣ್ಣು ಮುಚ್ಚಿಕೊಂಡು ಬರೇ ಕಾಶಿ, ಕಾಶಿ ಅಂತಾರ. ಒಮ್ಮೊಮ್ಮೆ ನರಗುಂದ ಅಂತಾರ. ಬ್ಯಾರೆ ಮಾತಿಲ್ಲ."

ಅನಸೂಯಾಬಾಯಿಯ ಕಣ್ಣಿಂದ ನೀರು ಇಳಿಯಿತು. ಮುಖ ಮಾತ್ರ ನಗುತ್ತಿತ್ತು. ಅಂಥ ಮುಖವನ್ನು ನಾನು ಮೊದಲು ನೋಡಿರಲಿಲ್ಲ.

"ಅವರ! ಅವರ ಇರಬೇಕ್ರಿ!"

"ಅವರು ಅಂದ್ರ ಯಾರವ್ವಾ? ಹೆಸರು ಹೇಳ್ರಿ, ಲಗೂ ಹೇಳ್ರಿ. ನನಗ ಅದ ಬೇಕಾಗೈತಿ."

ಆಕೆಯ ಬಾಯಿ ತೆರೆಯಿತು, ಶಬ್ದ ಬರಲಿಲ್ಲ. ಗಂಡನ ಹೆಸರು ಎತ್ತಿದರೆ ಅವನ ಆಯುಷ್ಯ ಕಡಿಮೆಯಾಗುತ್ತದೆಂದು ಬೆಳೆದ ಹೆಣ್ಣು. ಹಿಂದೆ ಬಾಗಿಲಲ್ಲಿ ಭಾವ ನಿಂತಿದ್ದರು. ನಾನು ಹೇಳಲು ಮುಂದಾದೆ, ಅರ್ಜುನಪ್ಪ ನನ್ನ ರಟ್ಟೆ ಹಿಡಿದ.

"ಹೇಳ್ರಿ ಅವ್ವಾ! ಹೆಸರು ಹಿಡದು ಕರದ್ರ ಕಣ್ಣು ತೆರದಾರು. ಅದೂ ಅಲ್ದ, ಇವರನ್ನ ಒಯ್ಯಾಕ ಒಬ್ಬರು ಬಂದು ಕುಂತಾರ. ಗಾಡಿ ಹೂಡಿಸ್ಯಾರ. ಅವರ ದನಿ ಕೇಳಿದ್ರ ಪೇಶಂಟ್ ಗಡಗಡ ನಡಗ್ತಾರ್ರಿ. ನನಗ್ಯಾಕೋ ಸರಿ ಕಾಣವಲ್ದು. ಅದಕ್ಕ ಇನ್ನೊಮ್ಮೆ ಕಾಲ್ ಮಾಡಿ ನೋಡೂನು ಅಂತ ಓಡಿ ಬಂದೆ."

ಅನಸೂಯಾಬಾಯಿ ಕಣ್ಣು ಮುಚ್ಚಿದರು.

"ದತ್ತಾತ್ರೇಯ," ಎಂದರು. ಮತ್ತೆ, ಗಟ್ಟಿಯಾಗಿ, "ದತ್ತಾತ್ರೇಯ ಅಂತ್ರಿ ಅವರ ಹೆಸರು. ನರಗುಂದದ ದತ್ತಾತ್ರೇಯ ಮಾಸ್ತರು."

ಈ ಸಲ ಸಾಬೀರಾ ಕೂಗಲಿಲ್ಲ. ನಾವೆಲ್ಲ ಬಾಗಿ ಕಿವಿ ಕೊಡಬೇಕಾಯಿತು.

"ಅದು ಹ್ಯಾಂಗ್ರಿ? ಆ ಹೆಸರು ಒಯ್ಯಾಕ ಬಂದವರದು. ನರಗುಂದದ ದತ್ತಾತ್ರೇಯ ಮಾಸ್ತರು ಅಂತನ ಡಾಕ್ಟರ್ ಮುಂದ ಹೇಳ್ಯಾರ. ಪೇಶಂಟ್ ನನ್ನ ಅಣ್ಣ, ಹೆಸರು ಗುರುರಾಜ ಅಂದಾರ. ಅವ್ವಾ, ನಿಮ್ಮವರು ಯಾರು? ಮಲಗಿದವರೋ, ಕುಂತವರೋ? ನಾ ಯಾರನ್ನ..."

ಕಟ್ ಎಂದು ಸದ್ದಾಗಿ ಲೈನು ಹೋಯಿತು.

ಅರ್ಜುನಪ್ಪ ಗಿರ್ರನೆ ತಿರುಗಿ ರಾಯರ ಎದುರು ನಿಂತ. "ಯಾರನ್ನ ಕಳಿಸೀರಿ?"

ರಾಯರು ಕೈ ಮುಗಿದರು. "ನಮ್ಮವ್ವನ ಆಣಿ ಫೌಜದಾರ್ರ, ಯಾರನ್ನೂ ಕಳಿಸಿಲ್ಲ. ಕಾಲ್ ಎಲ್ಲಿಂದ ಬಂದಿತ್ತಂತ ನನಗ ಈಗ ಗೊತ್ತಾಗ್ಯದ. ಆದ್ರ ನಮ್ಮಿಬ್ಬರ ಹೆಸರೂ ಗೊತ್ತಿದ್ದಂವ..."

ಅವರು ನಿಜ ಹೇಳುತ್ತಿದ್ದಾರೆಂದು ನನಗೆ ಅನ್ನಿಸಿತು. ಆಗಲೇ ನನಗೆ ನಿಜವಾಗಿ ಭಯವಾದದ್ದು. ಅಣ್ಣ ಕಳ್ಳನಾಗಿದ್ದರೆ ಅವನು ನಮ್ಮ ಕೈಯಲ್ಲಿದ್ದ. ಕಳ್ಳ ಬೇರೆಯವನಾಗಿದ್ದರೆ ಅವನು ಗಜೇಂದ್ರಗಡದಲ್ಲಿ ಗಾಡಿ ಹೂಡಿಸಿ ಕುಳಿತಿದ್ದಾನೆ, ನಾವು ನರಗುಂದದಲ್ಲಿ ನಿಂತಿದ್ದೇವೆ. ಕಾಶಿ ಎಂದು ಕರೆಯುವವರೇ ಮಾಸ್ತರರೆಂದು ಸಾಬೀರಾಗೆ ಹೇಳುವ ಮೊದಲೇ ಲೈನು ಹೋಗಿತ್ತು.

"ಮತ್ತ ಹಚ್ಚು!" ಎಂದು ಅರ್ಜುನಪ್ಪ ಬಿಸ್ಮಿಲ್ಲಾನ ಮೇಲೆ ಕೂಗಿದ. "ಶಿವನಪ್ಪ, ಊರಾಗ ಯಾರ ಕಡೆ ಮೋಟರ್ ಐತಿ ನೋಡು, ಓಡು!"

ನಾನು ಬಾಗಿಲ ತನಕ ಓಡಿ ಒಮ್ಮೆ ಹಿಂದೆ ನೋಡಿದೆ.

ಅನಸೂಯಾಬಾಯಿ ಫೋನು ಬಿಟ್ಟಿರಲಿಲ್ಲ. ಲೈನು ಹೋಗಿದೆ ಎಂದು ಬಿಸ್ಮಿಲ್ಲಾ ಹೇಳುತ್ತಿದ್ದ, ಆಕೆ ಕೇಳಿಸಿಕೊಳ್ಳುತ್ತಿರಲಿಲ್ಲ. ಮದುವೆಯಾದಂದಿನಿಂದ ಒಮ್ಮೆಯೂ ಬಾಯಲ್ಲಿ ತರದ ಆ ಹೆಸರನ್ನು ಹಿಡಿದು ಕರೆಯುತ್ತಿದ್ದರು, ಇನ್ನೊಮ್ಮೆ ಕರೆಯುತ್ತಿದ್ದರು, ಉತ್ತರಕ್ಕೆಂದು ಸುಮ್ಮನಾಗಿ ಕಿವಿ ಕೊಡುತ್ತಿದ್ದರು, ಮತ್ತೆ ಕರೆಯುತ್ತಿದ್ದರು.